ಇಪ್ಪತ್ತೊಂದು ಮಡಿಕೆಯ ಕಡತ

ಅಳಿಸುವ ಕೈಗೆ ಬರೆಯುವುದು ಬರುವುದಿಲ್ಲ ಎಂದು ಹೇಳಿದವನು ಹಲಗೆಯ ಯಜಮಾನ. ಸಿಟ್ಟಿನಿಂದ ಹೇಳಲಿಲ್ಲ. ಎಲೆ ಅಡಿಕೆ ಮೆಲ್ಲುತ್ತ, ನನ್ನ ಮುಖ ನೋಡದೆ, ನಾಳೆಯೂ ಬಿಸಿಲು ಬರುತ್ತದೆ ಎನ್ನುವವರ ಹಾಗೆ ಹೇಳಿದ. ಹಲಗೆಗೆ ಕೂರುವ ಉಳಿದ ಮೂವರಲ್ಲಿ ಕತ್ತಿಯವನು ನಕ್ಕ. ವರದವಳು ನನಗಾಗಿ ಮರುಗಿದಳು. ಅದು ನಗುವುದಕ್ಕಿಂತ ಕೆಟ್ಟದ್ದು. ಹುಟ್ಟುಬಾಯಿ ನನಗಿಂತ ಹತ್ತು ವರ್ಷ ಚಿಕ್ಕವನು, ಅವನು, "ಅಕ್ಕ, ನಿಂಗ್ಯಾಕೆ ಈ ಉಸಾಬರಿ? ಹುಣಸೆಬೀಜ ಬೇಯಿಸ್ಕೊಂಡು ಆರಾಮಾಗಿರು" ಎಂದ. ಮನೆಗೆ ಬಂದು ಅವ್ವನಿಗೆ ಹೇಳಿದರೆ ಅವಳೂ, "ಅವರು ಹೇಳಿದ್ದರಲ್ಲಿ ತಪ್ಪೇನೈತೆ?" ಎಂದಳು.

ಐದು ಜನ. ಅವರ ಮಾತೂ ನಗುವೂ ಮರುಕವೂ ನನಗೆ ಇವತ್ತಿಗೂ ಬಾಯಿಪಾಠ.

ಆ ಊರಿಗೆ ಮೂರು ಕಡೆ ಕಲ್ಲಿನ ಗೋಡೆ, ನಾಲ್ಕನೆಯ ಕಡೆ ಮಂಜು. ಮಂಜೂ ಗೋಡೆಯ ಹಾಗೆಯೇ ನಿಂತಿರುತ್ತಿತ್ತು. ಕೆಲವು ದಿನ ಒಂದು ಮಾರು ಮುಂದೆ, ಕೆಲವು ದಿನ ಒಂದು ಮಾರು ಹಿಂದೆ. ಊರಿಗೆ ಬೇಕಾದದ್ದೆಲ್ಲ ಅದರೊಳಗಿತ್ತು. ಬಿತ್ತನೆ ಬೀಜ, ಕಬ್ಬಿಣ, ತಪ್ಪಿಸಿಕೊಂಡ ದನ. ತರಬೇಕೆಂದರೆ ಹಲಗೆಗೆ ಕೂರಬೇಕು.

ಹಲಗೆ ಇದ್ದದ್ದು ಊರ ಚಾವಡಿಯಲ್ಲಿ. ಮೊಳಕಾಲೆತ್ತರದ ದುಂಡು ಹಲಗೆ, ಸುತ್ತ ಐದು ಹಲಸಿನ ಮಣೆ. ಯಜಮಾನ ಕಣ್ಣು ಮುಚ್ಚಿಕೊಂಡು ಮಂಜಿನೊಳಗೆ ಏನಿದೆ ಎಂದು ಹೇಳುತ್ತಿದ್ದ: "ಮುಂದೆ ಒಂದು ಬಾಗಿಲು. ಬಾಗಿಲಿಗೆ ಹಿಡಿಯಿಲ್ಲ." ಉಳಿದವರು ತಾವು ಏನು ಮಾಡುತ್ತೇವೆಂದು ಹೇಳಿ ದಾಳ ಉರುಳಿಸುತ್ತಿದ್ದರು. ದಾಳ ಬಿದ್ದ ಹಾಗೆ ಆಗುತ್ತಿತ್ತು. ಮಣೆ ಬಿಟ್ಟು ಯಾರೂ ಏಳುತ್ತಿರಲಿಲ್ಲ. ಆದರೆ ಸುತ್ತು ಮುಗಿದಾಗ ಎಲ್ಲರ ಪಾದವೂ ಒದ್ದೆಯಾಗಿರುತ್ತಿತ್ತು, ಹಲಗೆಯ ಮೇಲೆ ಬೀಜದ ಚೀಲವೋ ಕಬ್ಬಿಣದ ಗಟ್ಟಿಯೋ ಇರುತ್ತಿತ್ತು. ದನ ಸಿಕ್ಕಿದ್ದರೆ ಅದು ಚಾವಡಿಯ ಮೆಟ್ಟಿಲಲ್ಲಿ ನಿಂತು ಕೂಗುತ್ತಿತ್ತು.

ಕತ್ತಿಯವನಿಗೆ ತೋಳಿತ್ತು. ವರದವಳಿಗೆ ಬೆಳಗ್ಗೆ ಎದ್ದು ಕೈಮುಗಿದರೆ ಸಾಕು, ಆ ದಿನದ ಮಂತ್ರವನ್ನು ದೇವರು ಕೊಡುತ್ತಿತ್ತು. ಹುಟ್ಟುಬಾಯಿಗೆ ಮಂತ್ರ ಹುಟ್ಟಿದಾಗಲೇ ಬಾಯಲ್ಲಿತ್ತು. ಹಲ್ಲು ಬಂದ ಹಾಗೆ ಒಂದೊಂದೇ ಬಂತು ಎನ್ನುತ್ತಿದ್ದ. ಐದನೆಯದು ಓದಿನ ಮಣೆ. ಅದು ಬಹಳ ಕಾಲದಿಂದ ಖಾಲಿ. ಅದರ ಮೇಲೆ ಕೂತವರಿಗೆ ಕೊನೆಗೆ ಊರಲ್ಲಿ ಮನೆ ಉಳಿಯುತ್ತಿರಲಿಲ್ಲ.

ಊರಿನ ಕಟ್ಟಳೆ ಹೀಗಿತ್ತು. ಹುಟ್ಟಿನಿಂದ ಬಂದ ಮಂತ್ರಕ್ಕೆ ಬೆಲೆಯಿಲ್ಲ. ದೇವರು ಕೊಟ್ಟ ಮಂತ್ರಕ್ಕೆ ಬೆಲೆಯಿಲ್ಲ. ಓದಿ ಕಲಿತ ಮಂತ್ರಕ್ಕೆ ಮಾತ್ರ ಬೆಲೆ.

ಓದಿದರಷ್ಟೇ ಸಾಲದು, ಓದಿದ್ದನ್ನು ತನ್ನದೇ ಕಡತದಲ್ಲಿ ಬರೆದುಕೊಳ್ಳಬೇಕು; ಬರೆದದ್ದು ನಿಂತರೆ ಮಾತ್ರ ಮಂತ್ರ ಕೆಲಸ ಮಾಡುತ್ತದೆ. ಕಡತವೆಂದರೆ ಉದ್ದನೆಯ ಬಟ್ಟೆ. ಹುಣಸೆಬೀಜವನ್ನು ಬೇಯಿಸಿ ಅರೆದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಳಿದರೆ ಅದು ಕಪ್ಪಗೆ, ತೊಗಲಿನಂತೆ ಬಿಗಿಯಾಗುತ್ತದೆ. ಬಳಪದಿಂದ ಬೆಳ್ಳಗೆ ಬರೆದು, ಹಿಂದೆ ಮುಂದೆ ಮಡಿಸಿ ಇಡುತ್ತಾರೆ. ಒಂದು ಮಂತ್ರಕ್ಕೆ ಒಂದು ಮಡಿಕೆ. ಮನೆಯ ಕಾಗದಪತ್ರ ಬರೆಯುವ ಕಡತಕ್ಕೆ ಯಾವ ಇದ್ದಿಲಾದರೂ ಆಗುತ್ತದೆ. ಮಂತ್ರದ ಮಡಿಕೆಗೆ ಓದುವವರ ಸ್ವಂತ ಮನೆಯ ಮರದ ಇದ್ದಿಲೇ ಬೇಕು. ಬೇರೆ ಇದ್ದಿಲಿನ ಮೇಲೆ ಬರೆದ ಮಂತ್ರ ಬೆಳಗಾಗುವುದರೊಳಗೆ ಉದುರಿಹೋಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಉದುರಿದ್ದನ್ನು ನೋಡಿದವರು ಯಾರೂ ಇರಲಿಲ್ಲ. ಸಣ್ಣ ಮಂತ್ರಕ್ಕೆ ಸೂರಿನ ಒಂದು ಜಂತೆ. ನಡುವಿನದಕ್ಕೆ ಕಿಟಕಿ ಇಲ್ಲವೇ ಬಾಗಿಲು. ದೊಡ್ಡದಕ್ಕೆ ಕಂಬ. ಎಲ್ಲಕ್ಕಿಂತ ದೊಡ್ಡದಕ್ಕೆ ತೊಲೆ.

ನಾನು ಕಡತಗಳನ್ನು ಅಳಿಸುವವಳಾಗಿದ್ದೆ. ಓದಿನ ಮಣೆಯವರು ಮನೆ ಕಳೆದುಕೊಂಡು ಊರು ಬಿಟ್ಟಾಗ ಅವರ ಕಡತ ಹಲಗೆಯಲ್ಲಿ ಉಳಿಯಬೇಕು. ಯಜಮಾನ ಅದನ್ನು ನನಗೆ ಕೊಡುತ್ತಿದ್ದ. ನಾನು ಒದ್ದೆ ಬಟ್ಟೆಯಿಂದ ಒರೆಸಿ, ಮೇಲೆ ಹೊಸ ಅಂಟು ಬಳಿದು, ಊರವರ ಕಾಗದಪತ್ರಕ್ಕೆ ಆಗುವ ಹಾಗೆ ಮಾಡಿ ಹಿಂದಕ್ಕೆ ಕೊಡುತ್ತಿದ್ದೆ. ಆ ಮಂತ್ರವನ್ನು ಅಳಿಸದೆ ಹಾಗೆಯೇ ಮುಂದಿನವರಿಗೆ ಕೊಟ್ಟರೆ ಏನಾಗುತ್ತದೆ ಎಂದು ಆಗ ನನಗೆ ಹೊಳೆಯಲಿಲ್ಲ. ಕೆಲಸ ಕೊಟ್ಟವರನ್ನು ಪ್ರಶ್ನೆ ಕೇಳುವ ವಯಸ್ಸೂ ಅದಾಗಿರಲಿಲ್ಲ.

ಯಾರೂ ನನಗೆ ಅಕ್ಷರ ಹೇಳಿಕೊಡಲಿಲ್ಲ. ಒರೆಸುವ ಮೊದಲು ಪ್ರತಿ ಸಾಲನ್ನೂ ನೋಡುತ್ತಿದ್ದೆ, ಒರೆಸಿದ ಮೇಲೆ ಮನಸ್ಸಿನಲ್ಲಿ ಮತ್ತೆ ಬರೆಯುತ್ತಿದ್ದೆ. ನೀರು ಕೆಳಗೆ ಇಳಿಯುತ್ತದಾದ್ದರಿಂದ ಒರೆಸುವವರು ಯಾವಾಗಲೂ ಕೊನೆಯ ಸಾಲಿನಿಂದ ಮೇಲಕ್ಕೆ ಹೋಗುತ್ತಾರೆ. ನಾನು ಓದಲು ಕಲಿತದ್ದೂ ಹಾಗೆಯೇ, ಕೆಳಗಿನಿಂದ ಮೇಲಕ್ಕೆ.

ನನಗೆ ಒಂದು ಮನೆಯಿತ್ತು. ಏಳು ದಿನ ಯಾರು ಎಲ್ಲಿ ಮಲಗಿ ಎದ್ದರೆ ಅದೇ ಅವರ ಮನೆ ಎನ್ನುವುದು ಆ ಊರಿನ ಇನ್ನೊಂದು ಕಟ್ಟಳೆ. ಮಂಜಿನ ಅಂಚಿನಲ್ಲಿ ಯಾರಿಗೂ ಬೇಡದ ಜಾಗದಲ್ಲಿ ನಾನೂ ಅವ್ವನೂ ಏಳು ದಿನ ಬರೀ ನೆಲದ ಮೇಲೆ ಮಲಗಿ ಎದ್ದೆವು. ಆಮೇಲೆ ಕಟ್ಟಿದೆವು. ಹನ್ನೆರಡು ಜಂತೆ, ಒಂದು ಕಿಟಕಿ, ಒಂದು ಬಾಗಿಲು, ನಾಲ್ಕು ಕಂಬ, ಒಂದು ತೊಲೆ. ಎರಡಂಕಣದ ಮನೆ. ಅಷ್ಟೂ ಮತ್ತಿಮರ. ಅವ್ವ ಮರವನ್ನು ಮೂಸಿ ನೋಡಿ ಆರಿಸಿದಳು. ತೊಲೆಯನ್ನು ನಾವಿಬ್ಬರೇ ಹೊತ್ತು ತಂದೆವು. ನಡುವೆ ಹನ್ನೊಂದು ಸಲ ಕೆಳಗಿಟ್ಟೆವು.

ಆ ಮನೆಯಿಂದ ಹೊರಟು ಚಾವಡಿಗೆ ಹೋಗಿ, ಓದಿನ ಮಣೆ ಕೊಡಿ ಎಂದು ಕೇಳಿದೆ. ಅವರು ಹೇಳಿದ್ದು ಮೊದಲೇ ಬರೆದಿದ್ದೇನೆ. ಆದರೆ ಮಣೆ ಖಾಲಿಯಿತ್ತು, ಬೇಡ ಎನ್ನಲು ಕಟ್ಟಳೆಯಿರಲಿಲ್ಲ. ನಾನು ಕೂತೆ.

ಮೊದಲ ಮಂತ್ರ, ಒರೆಸುವಾಗ ಮನಸ್ಸಿನಲ್ಲಿ ಉಳಿದದ್ದು, ಬಾಗಿಲು ತೆರೆಯುವುದು. ಒಂದು ಜಂತೆ ಇಳಿಸಿ, ಸುಟ್ಟು, ಅರೆದು, ಬಳಿದು, ಬರೆದೆ. ಅವ್ವ ಮೇಲೆ ಕಾಣುವ ಆಕಾಶದ ತುಂಡನ್ನು ನೋಡಿದಳು, ಚಾಪೆ ಸರಿಸಿದಳು.

ಆ ಸಂಜೆ ಯಜಮಾನ, "ಮುಂದೆ ಒಂದು ಬಾಗಿಲು" ಎಂದ. ನಾನು ಮಂತ್ರ ಹೇಳಿದೆ. ದಾಳವೂ ಚೆನ್ನಾಗಿ ಬಿತ್ತು. ಯಜಮಾನ ಮುಚ್ಚಿದ ಕಣ್ಣನ್ನು ಇನ್ನಷ್ಟು ಬಿಗಿದ.

"ಬಾಗಿಲಿತ್ತು," ಎಂದ. "ಈಗ ಇಲ್ಲ. ಗೋಡೆ."

"ಅಕ್ಕ ಮಂತ್ರವನ್ನೂ ಒರೆಸ್ಬಿಟ್ಲು," ಎಂದ ಹುಟ್ಟುಬಾಯಿ. ಕತ್ತಿಯವನು ಹಲಗೆ ಬಡಿದು ನಕ್ಕ.

ನಾನು ಕಡತ ಬಿಚ್ಚಿ ನೋಡಿದೆ. ಅಕ್ಷರ ಸರಿಯಿತ್ತು, ಸಾಲು ಸರಿಯಿತ್ತು. ನಾನು ಕೊನೆಯ ಸಾಲಿನಿಂದ ಶುರುಮಾಡಿದ್ದೆ. ಮತ್ತೆ ಮೇಲಿನಿಂದ ಹೇಳಿದೆ. ಗೋಡೆ ಬಾಗಿಲಾಯಿತು, ಬಾಗಿಲು ತೆರೆಯಿತು, ನಾಲ್ಕು ಜನ ನನ್ನನ್ನು ದಾಟಿಕೊಂಡು ಒಳಗೆ ಹೋದರು. ಆ ದಿನ ಕತ್ತಿಯವನಿಗೆ ಹೊಸ ಕಬ್ಬಿಣ ಸಿಕ್ಕಿತು. ಅವನು ಅದರಲ್ಲಿ ಕತ್ತಿ ಮಾಡಿಸಿದ, ಅವನ ಮನೆ ಹಾಗೆಯೇ ಇತ್ತು.

ಎರಡನೆಯ ಮಂತ್ರ ಬೆಳಕಿನದು. ಒಂದು ಜಂತೆ. ಅವ್ವ ಚಾಪೆ ಸರಿಸಿದಳು. ಮೂರನೆಯದು ದನದ ಹೆಜ್ಜೆ ಕಾಣಿಸುವುದು. ಒಂದು ಜಂತೆ. ಅವ್ವ ಚಾಪೆ ಸರಿಸಿದಳು. ನಾಲ್ಕನೆಯದು ವರದವಳ ಕಾಲು ಮುರಿದಾಗ ಅವಳನ್ನು ಗರಿಯಷ್ಟು ಹಗುರ ಮಾಡಿ ಹೊತ್ತು ತಂದದ್ದು. ಒಂದು ಜಂತೆ. ಅವ್ವ ಚಾಪೆ ಸರಿಸಿದಳು. ಹನ್ನೆರಡನೆಯದು ಬರುವ ಹೊತ್ತಿಗೆ ಸರಿಸಲು ಜಾಗವಿರಲಿಲ್ಲ. ಅವಳು ಚಾಪೆಯನ್ನು ಮಡಚಿ ತಲೆಯ ಮೇಲೆ ಇಟ್ಟುಕೊಂಡು ಕೂತಳು.

"ನಿನ್ನ ಮಂತ್ರದಾಗೆ ಬಿಸಿಲಿಗೆ ಒಂದೂ ಇಲ್ವೇನೆ?" ಎಂದು ಕೇಳಿದಳು.

"ಇದೆ. ಕಿಟಕಿ ಕೇಳುತ್ತದೆ."

"ಸುಡು. ಮೇಲೆ ಸೂರೇ ಇಲ್ಲ, ಕಿಟಕಿ ಯಾಕೆ?"

ಕಿಟಕಿ ಸುಟ್ಟೆ. ಅದು ನೆರಳಿನ ಮಂತ್ರ, ಮಂಜಿನೊಳಗೆ ಮಾತ್ರ ಕೆಲಸ ಮಾಡುವಂಥದ್ದು. ಅವ್ವನ ತಲೆಯ ಮೇಲೆ ಆ ನೆರಳು ಬೀಳಲಿಲ್ಲ. ಹುಟ್ಟುಬಾಯಿಯ ತಲೆಯ ಮೇಲೆ ಬಿತ್ತು. ಆಮೇಲೆ ಬಾಗಿಲು. ಬಾಗಿಲು ಸುಟ್ಟ ದಿನ ಮಂಜು ನಮ್ಮ ಹೊಸ್ತಿಲ ತನಕ ಬಂದು ಒಳಗೆ ಇಣುಕಿ ಹೋಯಿತು.

ನೀನೇಕೆ ನಿಲ್ಲಿಸಲಿಲ್ಲ ಎಂದು ಕೇಳುವವರಿದ್ದಾರೆ. ಐದು ಜನ ಆಗುವುದಿಲ್ಲ ಎಂದಿದ್ದರು, ಅದಕ್ಕೆ. ಬೇರೆ ದೊಡ್ಡ ಕಾರಣ ಹುಡುಕಿ ಹೇಳಿದರೆ ಸುಳ್ಳಾಗುತ್ತದೆ.

ಬಾಗಿಲು ಸುಟ್ಟ ಮಾರನೆಯ ದಿನ ಉಪ್ಪಿನವಳು ಬಂದಳು. ಅವಳು ಬೆಟ್ಟದ ಕಡೆಯ ದಾರಿಯಿಂದ ವರ್ಷಕ್ಕೆ ಎರಡು ಸಲ ಊರೂರಿಗೆ ಉಪ್ಪು ಹೊತ್ತು ಬರುವವಳು. ನಮ್ಮ ಮನೆಯ ಮುಂದೆ ನಿಂತು, ಯಾವ ಕಡೆಯಿಂದ ಕರೆಯುವುದೆಂದು ತಿಳಿಯದೆ, ಗೋಡೆಯ ಮೇಲಿಂದಲೇ ತಲೆ ಹಾಕಿದಳು.

"ಏನವ್ವ, ಬೆಂಕಿ ಬಿತ್ತಾ?"

ನಾನು ಬೆಲೆಯ ವಿಷಯ ಹೇಳಿದೆ. ಅವಳು ಬುಟ್ಟಿ ಇಳಿಸಿ ಕೂತಳು.

"ಎಂಥ ಊರೇ ನಿಮ್ದು," ಎಂದಳು. "ಬೆಟ್ಟದ ಕೆಳಗಿನ ಹಲಗೇಲಿ ಬೆಲೆ ಅನ್ನೋದೇ ಇಲ್ಲ. ಬೇಕಾದ್ದು ಬರ್ಕೊ ಅಂತಾರೆ. ಅದರಾಚೆ ಊರಲ್ಲಿ ದಿನ ಕೊಡ್ಬೇಕು. ಓದೋಳು ಒಂದೊಂದು ಮಂತ್ರಕ್ಕೂ ಏಳು ದಿನ ಒಬ್ಬಳೇ ಕೂತಿರ್ಬೇಕು, ಉಳಿದೋರು ಅಷ್ಟು ದಿನ ಕಾಯ್ತಾರೆ. ಬೈಕೊಂಡು ಕಾಯ್ತಾರೆ, ಆದ್ರೂ ಕಾಯ್ತಾರೆ. ಹೊಳೆ ತಿರುವಿನಾಗೆ ಮಂಜಿಂದ ತಂದದ್ರಲ್ಲಿ ಮೊದಲು ಓದೋಳ ಪಾಲು ಎತ್ತಿಟ್ಟು ಆಮೇಲೆ ಹಂಚ್ಕೊತಾರೆ. ಅವಳ ಮಂತ್ರ ಎಲ್ಲರಿಗೂ ತಾನೇ ಅಂತಾರೆ. ಇನ್ನೊಂದು ಕಡೆ ಓದೋರನ್ನ ಕೂರಿಸೋದೇ ಇಲ್ಲ, ತಲೆನೋವು ಅಂತ."

"ಬೆಲೆಯಿಲ್ಲದ ಕಡೆ ಮಂತ್ರ ಕೆಲಸ ಮಾಡುತ್ತದೆಯೇ?"

"ನಾನು ಉಪ್ಪು ಮಾರೋಳು. ಅಲ್ಲೂ ಬಾಗಿಲು ತೆರ್ಕೊತದೆ, ಅಲ್ಲೂ ದನ ಮನೆಗೆ ಬರ್ತದೆ. ಉಪ್ಪೂ ಇಷ್ಟೇ ಉಪ್ಪಗಿರ್ತದೆ."

"ಹಾಗಾದರೆ ನಮ್ಮಲ್ಲಿ ಯಾಕೆ ಹೀಗೆ?"

"ಅದನ್ನ ನಿಮ್ಮ ಯಜಮಾನ್ರನ್ನ ಕೇಳು. ಉಪ್ಪು ಒಂದು ಸೇರೋ ಎರಡೋ?"

ಆ ಸಂಜೆ ದಾಳ ಉರುಳುವ ಮೊದಲು ಕೇಳಿದೆ. ಇನ್ನು ನನ್ನ ಮನೆಯಲ್ಲಿ ಉಳಿದಿರುವುದು ನಾಲ್ಕು ಕಂಬ, ಒಂದು ತೊಲೆ. ಮುಂದಿನ ಮಂತ್ರಕ್ಕೆ ಒಬ್ಬೊಬ್ಬರೂ ಒಂದೊಂದು ಜಂತೆ ಕೊಡಿ ಎಂದೆ.

"ನಮ್ಮ ಮನೆ ಮರದ ಇದ್ದಿಲಿನ ಮೇಲೆ ನಿನ್ನ ಅಕ್ಷರ ನಿಲ್ಲಲ್ಲ ಕಣಮ್ಮ," ಎಂದ ಯಜಮಾನ.

"ಬೆಟ್ಟದ ಕೆಳಗೆ ನಿಲ್ಲುತ್ತದಂತೆ."

"ಅವರ ಮಂಜು ಬೇರೆ, ನಮ್ಮ ಮಂಜು ಬೇರೆ."

ಕತ್ತಿಯವನು, "ನನ್ನ ಕತ್ತಿಗೆ ಬೇಕಾದ ಕಬ್ಬಿಣ ನಾನೇ ತಂದ್ಕೊಳಲ್ವಾ?" ಎಂದ.

"ಎಲ್ಲಿಂದ ತಂದಿರಿ? ಆ ಬಾಗಿಲು ತೆರೆದವಳು ನಾನು."

"ತೆರೆದೆ. ಯಾರು ಇಲ್ಲ ಅಂದ್ರು?"

ವರದವಳು ದೇವರನ್ನು ಕೇಳಿ ಹೇಳುತ್ತೇನೆ ಎಂದಳು. ಮಾರನೆಯ ದಿನ, ದೇವರು ಏನೂ ಹೇಳಲಿಲ್ಲ ಎಂದಳು. ಅವಳ ಕಾಲು ಆಗ ಪೂರ್ತಿ ವಾಸಿಯಾಗಿತ್ತು.

ಹುಟ್ಟುಬಾಯಿ ಮಾತ್ರ ನಿಜವಾಗಿ ಯೋಚಿಸಿದ ಹಾಗೆ ಕಂಡ. "ಅಕ್ಕ, ನಂಗೆ ಅರ್ಥ ಆಗದೆ ಕೇಳ್ತೀನಿ. ನಂಗೆ ಹಾಗೇ ಬರುತ್ತೆ. ನಿಂಗೂ ಹಾಗೇ ಬರಬಾರ್ದಾ?"

 

ನಾನು ಯಜಮಾನನ ಕಡೆ ತಿರುಗಿದೆ. "ಬೆಲೆ ತೆಗೆದುಹಾಕಿದರೆ ನಿಮಗೆ ಹೋಗುವುದೇನು?"

ಅವನು ಎಲೆ ಅಡಿಕೆ ಉಗಿದು ಬಂದು ಕೂತ. "ಬೆಲೆ ತೆಗೆದರೆ ನಾಳೆ ಬೀದಿಯೋರೆಲ್ಲ ಓದ್ತಾರೆ. ಹಲಗೆಗೆ ಇರೋದು ಐದು ಮಣೆ. ಎಲ್ಲಿ ಕೂರಿಸ್ಲಿ?"

"ಮಣೆ ಮಾಡಿಸಿ."

ನಾಲ್ವರೂ ನಕ್ಕರು. ಆಮೇಲೆ ದಾಳ ಉರುಳಿತು.

ನಾಲ್ಕು ದೊಡ್ಡ ಮಂತ್ರಕ್ಕೆ ನಾಲ್ಕು ಕಂಬ ಹೋದವು. ತೊಲೆ ಗೋಡೆಯ ಮೇಲೆ ಕೂತಿತ್ತು, ಅದರ ಕೆಳಗೆ ಒಂದು ಗೇಣು ನೆರಳು. ಅವ್ವ ಆ ನೆರಳಿನ ಜೊತೆಗೇ ಬೆಳಗಿನಿಂದ ಸಂಜೆಯ ತನಕ ಸರಿಯುತ್ತಿದ್ದಳು. ಆ ವರ್ಷ ಊರಿಗೆ ಬಿತ್ತನೆ ಸಾಲದೆ ಬಂತು. ಬೀಜದ ಕಣಜಕ್ಕೆ ಹೋಗುವ ದಾರಿಯನ್ನು ಕೆಂಡದ ಹೊಳೆ ಅಡ್ಡಗಟ್ಟಿದೆ ಎಂದ ಯಜಮಾನ. ಕೆಂಡವನ್ನು ಆರಿಸುವ ಮಂತ್ರ ತೊಲೆ ಕೇಳುತ್ತದೆ.

ನಾನೂ ಅವ್ವನೂ ತೊಲೆಯನ್ನು ಇಳಿಸಿದೆವು. ಹೊತ್ತು ತರುವಾಗ ಹನ್ನೊಂದು ಸಲ ಕೆಳಗಿಟ್ಟಿದ್ದೆವು; ಇಳಿಸುವಾಗ ಒಂದೇ ಸಲ ಬಿತ್ತು.

ಅದು ಮೂರು ದಿನ ನಡೆದ ಸುತ್ತು. ಕೆಂಡ ಆರಿತು, ಬೀಜ ಬಂತು, ಮೂವತ್ತು ಚೀಲ. ಊರವರು ಚಾವಡಿಯ ಮುಂದೆ ಸಾಲು ನಿಂತರು, ಕತ್ತಿಯವನ ಹೆಸರು ಕೂಗಿದರು. ನಾನು ಒದ್ದೆ ಪಾದದಲ್ಲೇ ಮನೆಗೆ ಓಡಿದೆ. ಮಂಜು ನಮ್ಮ ಹೊಸ್ತಿಲು ದಾಟಿ ಒಳಗೆ ಬಂದು, ಮಣ್ಣಿನ ಗೋಡೆಯನ್ನು ಅರ್ಧ ಕರಗಿಸಿ, ಹಿಂದಕ್ಕೆ ಹೋಗಿತ್ತು. ಚಾಪೆ ಇತ್ತು. ಚಾಪೆಯ ಮೇಲೆ ಅವ್ವನ ಎರಡು ಒದ್ದೆ ಹೆಜ್ಜೆ. ಮೂರನೆಯದು ಇರಲಿಲ್ಲ.

ನಾನು ಚಾಪೆ ಎತ್ತಿಕೊಂಡು ಚಾವಡಿಗೆ ಬಂದೆ.

"ಮಂಜು ತಾನಾಗಿ ಬಂದು ಒಯ್ದವರು ಬರೋದಿಲ್ಲ," ಎಂದ ಯಜಮಾನ. ಅವನ ದನಿ ಮೆತ್ತಗಿತ್ತು. "ಅದಕ್ಕೆ ಮಂತ್ರ ಇಲ್ಲ."

"ಇದೆ. ಓದಿನ ಮಣೆಯಲ್ಲಿ ನನಗಿಂತ ಹಿಂದೆ ಕೂತಿದ್ದ ಮುದುಕನ ಕಡತದಲ್ಲಿತ್ತು. ಅಳಿಸಿದವಳು ನಾನೇ."

"ಅದು ಕಳಿಸೋ ಮಂತ್ರ. ಎದುರಿಗೆ ಬಂದದ್ದನ್ನ ಮಂಜಿಗೆ ತಳ್ಳೋದು."

"ನೀವು ಮೇಲಿನಿಂದ ಓದಿದ್ದೀರಿ," ಎಂದೆ. "ಕೆಳಗಿನಿಂದ ಓದಿದರೆ ಅದು ಕರೆಯುವುದು."

ಯಾರೂ ನಗಲಿಲ್ಲ. ನನ್ನ ಮೊದಲ ದಿನದ ಬಾಗಿಲು ಎಲ್ಲರಿಗೂ ನೆನಪಿತ್ತು.

"ಸರಿ," ಎಂದ ಯಜಮಾನ. "ಆದ್ರೆ ಅದರ ಬೆಲೆ ತೊಲೆ. ನಿನ್ನ ತೊಲೆ ಹೋಯ್ತಲ್ಲ."

"ನಿಮ್ಮ ಬೀಜಕ್ಕೆ ಹೋಯಿತು."

"ಊರಿನ ಬೀಜ."

"ಹಾಗಾದರೆ ಊರು ಒಂದು ತೊಲೆ ಕೊಡಲಿ."

"ನಿಮ್ಮವ್ವ ಊರಿನ ವಿಷಯ ಅಲ್ಲ ಕಣಮ್ಮ. ನಿನ್ನ ಸ್ವಂತದ್ದು." ಅವನು ಕಟುಕನಲ್ಲ. ಕಟ್ಟಳೆಯನ್ನು ಓದುವವನ ಹಾಗೆ ಹೇಳಿದ, ಅಷ್ಟೆ. ಅಂಥ ಮನುಷ್ಯರ ಮೇಲೆ ಸಿಟ್ಟು ಮಾಡುವುದು ಎಷ್ಟು ಕಷ್ಟ ಎಂದು ಆ ಹೊತ್ತು ಗೊತ್ತಾಯಿತು. ಆದರೆ ನಾನು ಕಷ್ಟದ ಕೆಲಸಕ್ಕೆ ಹೆದರಿದವಳಲ್ಲ.

ನಾನು ಓದಿನ ಮಣೆಯ ಮೇಲೆ ಕೂತೆ. ಆ ಸಂಜೆಯ ಸುತ್ತು ಮುಗಿಯಿತು, ಎಲ್ಲರೂ ಎದ್ದರು, ನಾನು ಏಳಲಿಲ್ಲ. ಮಣೆಯ ಮೇಲೆ ತಲೆಯಿಟ್ಟು ಮಲಗಿದೆ. ಮಾರನೆಯ ದಿನ ಅಲ್ಲೇ ಎದ್ದೆ. ವರದವಳು ಅನ್ನ ತಂದಿಟ್ಟಳು, ತಿಂದೆ. ಹುಟ್ಟುಬಾಯಿ ಬಂದು, "ಅಕ್ಕ, ಜನ ಏನಂತಾರೆ" ಎಂದ. ಏನಾದರೂ ಅನ್ನಲಿ ಎಂದೆ. ಎರಡು ದಿನ, ಮೂರು ದಿನ. ನಾಲ್ಕು, ಐದು, ಆರು. ಏಳನೆಯ ಬೆಳಗ್ಗೆ ಎದ್ದು, ಮಣೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಅಂಗಳಕ್ಕೆ ಇಳಿದೆ.

"ಎಲ್ಲಿಗೆ ತಗೊಂಡು ಹೋಗ್ತೀಯ?" ಎಂದ ಯಜಮಾನ.

"ಏಳು ದಿನ ಮಲಗಿ ಎದ್ದ ಜಾಗವೇ ಮನೆ. ಇದು ನನ್ನ ಮನೆ. ಇದರಲ್ಲಿ ಇರುವುದು ಒಂದೇ ಮರ, ಆದ್ದರಿಂದ ಇದೇ ನನ್ನ ತೊಲೆ."

ಕಟ್ಟಳೆಯಲ್ಲಿ ಇದಕ್ಕೆ ಅಡ್ಡಿಯಿರಲಿಲ್ಲ. "ಮಣೆ ಸುಟ್ಟರೆ ನಿಂಗೆ ಹಲಗೇಲಿ ಜಾಗ ಇರಲ್ಲ," ಎಂದ ಯಜಮಾನ. "ಅಕ್ಷರವೂ ನಿಲ್ಲಲ್ಲ. ಎರಡೂ ಹೋಗ್ತವೆ."

ನಾನು ಸುಟ್ಟೆ. ಐದು ಜನ ಆಗುವುದಿಲ್ಲ ಎಂದ ಮೇಲೆ ಕೂತ ಮಣೆ ಅದು. ಚಿಕ್ಕ ಬೆಂಕಿ, ಬೇಗ ಮುಗಿಯಿತು. ಅರೆದೆ, ಬಳಿದೆ, ಬಿಸಿಲಿಗೆ ಹಿಡಿದೆ, ಬರೆದೆ. ಇಪ್ಪತ್ತನೆಯ ಮಡಿಕೆ. ಮಣೆಯಿಲ್ಲದ್ದರಿಂದ ಮಂಜಿನ ಅಂಚಿಗೆ ಹೋಗಿ, ನಮ್ಮ ಹೊಸ್ತಿಲ ಮೇಲೆ ನಿಂತು, ಕೊನೆಯ ಸಾಲಿನಿಂದ ಮೇಲಕ್ಕೆ ಓದಿದೆ. ನಾಲ್ವರೂ ಹಿಂದೆ ಬಂದು ನಿಂತಿದ್ದರು. ಉರುಳಿಸಲು ದಾಳವೂ ಇರಲಿಲ್ಲ.

ಅವ್ವ ಮಂಜಿನಿಂದ ಹೊರಗೆ ಬಂದಳು. ಸೀರೆಯ ಅಂಚು ಒದ್ದೆ, ಮುಖದಲ್ಲಿ ಸಿಡುಕು.

"ಬಾಗಿಲೇ ಇಲ್ಲ, ಯಾವ ಕಡೆಯಿಂದ ಬರೋದು?" ಎಂದಳು. "ಸುತ್ತಿ ಸುತ್ತಿ ಸಾಕಾಯ್ತು. ನನ್ನ ಚಾಪೆ ಎಲ್ಲಿ?"

ಚಾಪೆ ಹಾಸಿದೆ. ಅವಳು ಕೂತು ಕಾಲು ನೀವಿಕೊಂಡಳು. ನನ್ನ ಕೈಯಲ್ಲಿದ್ದ ಕಡತವನ್ನು ತೆಗೆದುಕೊಂಡಳು. ಅವಳಿಗೆ ಓದು ಬರುವುದಿಲ್ಲ. ಮರ ಆರಿಸುವಾಗ ಮೂಸಿದ ಹಾಗೆ ಕೊನೆಯ ಮಡಿಕೆಯನ್ನು ಮೂಸಿದಳು.

"ಇದು ಹಲಸು."

"ಹೌದವ್ವ."

"ನಮ್ಮ ಮನೇಲಿ ಹಲಸು ಎಲ್ಲಿತ್ತೇ?"

"ಮಣೆಯದು. ಏಳು ದಿನ ಮಲಗಿ ನನ್ನ ಮನೆ ಮಾಡಿಕೊಂಡೆ."

"ನೀನು ಮಲಗಿದ್ದು ಮರಕ್ಕೆ ಗೊತ್ತಾಗ್ತದಾ?" ಎಂದು ಕೇಳಿದಳು ಅವ್ವ. "ಹಲಸು ಹಲಸೇ, ಮತ್ತಿ ಮತ್ತಿಯೇ. ಅಕ್ಷರ ನಿಂತೈತೆ ಅಂದ್ರೆ ಯಾವ ಮರದ ಮೇಲಾದ್ರೂ ನಿಲ್ತದೆ."

ನಾನು ಯಜಮಾನನನ್ನು ನೋಡಿದೆ. ಅವನು ಮಂಜನ್ನು ನೋಡುತ್ತಿದ್ದ.

ದಾರಿಯ ಪಕ್ಕದ ಬೇಲಿಯಿಂದ ಒಂದು ಒಣಗಿದ ಜಾಲಿ ಕೊಂಬೆ ಮುರಿದೆ. ಯಾರ ಮನೆಯದೂ ಅಲ್ಲದ ಕೊಂಬೆ. ಮೇಕೆ ಕೂಡ ಮುಟ್ಟದ್ದು. ಅವರ ಕಣ್ಣೆದುರೇ ಸುಟ್ಟು, ಅರೆದು, ಇಪ್ಪತ್ತೊಂದನೆಯ ಮಡಿಕೆಗೆ ಬಳಿದು, ಎಲ್ಲಕ್ಕಿಂತ ದೊಡ್ಡ ಮಂತ್ರ ಒಂದನ್ನು ಬರೆದೆ. ಚಾವಡಿಗೆ ತಂದು ಹಲಗೆಯ ನಡುವೆ ಬಿಚ್ಚಿಟ್ಟೆ. ಬೆಳಗಾಗಲಿ, ನೋಡೋಣ ಎಂದೆ. ನಾಲ್ವರೂ ಮನೆಗೆ ಹೋಗಲಿಲ್ಲ. ನಾನೂ ಅವ್ವನೂ ಮೆಟ್ಟಿಲ ಮೇಲೆ ಚಾಪೆ ಹಾಸಿ ನಿದ್ದೆ ಮಾಡಿದೆವು. ನಮಗೆ ಉತ್ತರ ಗೊತ್ತಿತ್ತು.

ಬೆಳಗ್ಗೆ ಒಂದು ಅಕ್ಷರವೂ ಉದುರಿರಲಿಲ್ಲ.

ಹುಟ್ಟುಬಾಯಿ ಬೆರಳಿನಿಂದ ಮುಟ್ಟಿ ನೋಡಿದ. "ನಮಗೆ ಗೊತ್ತಿದ್ದಿದ್ರೆ ಹೇಳ್ತಿದ್ವಿ ಅಕ್ಕ," ಎಂದ.

"ನಾನು ಕೇಳಿದ್ದೆನಲ್ಲ."

ಅವನು ತಲೆ ತಗ್ಗಿಸಿದ. ಆ ನಾಲ್ವರಲ್ಲಿ ತಲೆ ತಗ್ಗಿಸಿದವನು ಅವನೊಬ್ಬನೇ, ಅದನ್ನು ಬರೆಯದೆ ಇದ್ದರೆ ತಪ್ಪಾಗುತ್ತದೆ.

"ನಿಮಗೆ ಗೊತ್ತಿತ್ತೇ?" ಎಂದು ಯಜಮಾನನನ್ನು ಕೇಳಿದೆ.

"ಹಿಂದಿನವರೆಲ್ಲ ಬೆಲೆ ಕೊಟ್ಟರು," ಎಂದ ಅವನು. "ಅವರು ಕೊಟ್ಟ ಮೇಲೆ ನಿಂಗೆ ಬಿಟ್ಟರೆ ಅವರಿಗೆ ಮೋಸ ಆಗಲ್ವಾ?"

ಇದು ಅವನ ಉತ್ತರ. ಇದಕ್ಕಿಂತ ಒಳ್ಳೆಯ ಉತ್ತರ ಅವನ ಬಳಿ ಇದ್ದಿದ್ದರೆ ನಾನು ಅದನ್ನೇ ಬರೆಯುತ್ತಿದ್ದೆ. ಆ ಮುದುಕ ಕೈಯಲ್ಲಿ ಒಂದು ಕೋಲು ಹಿಡಿದು ಊರು ಬಿಟ್ಟದ್ದು ನನಗೆ ನೆನಪಾಯಿತು. ಅವನ ಕಡತದ ಹದಿನಾಲ್ಕು ಮಡಿಕೆಯನ್ನು ಒಂದೇ ಮಧ್ಯಾಹ್ನ ನಾನು ಒರೆಸಿದ್ದೆ, ಒಂದು ಹೊತ್ತಿನ ರಾಗಿಗೆ. ನನ್ನ ಸಿಟ್ಟಿನಲ್ಲಿ ನನ್ನ ಪಾಲೂ ಇದೆ.

"ಕಡತ ಇಲ್ಲೇ ಇಟ್ಟು ಹೋಗಮ್ಮ," ಎಂದ ಯಜಮಾನ. "ಮಣೆ ಇಲ್ಲದೋರ ಕಡತ ಹಲಗೆಗೆ ಸೇರಬೇಕು. ಮಂತ್ರ ಹಲಗೆಯದು."

"ಬೆಲೆ ನನ್ನದು, ಮಂತ್ರ ಹಲಗೆಯದೋ?"

"ಕಟ್ಟಳೆ."

"ಒರೆಸುವುದಕ್ಕೆ ಯಾರನ್ನು ಕರೆಯುತ್ತೀರಿ?" ಎಂದೆ. "ಊರಲ್ಲಿ ಆ ಕೆಲಸ ಬರುತ್ತಿದ್ದವಳು ನಾನೊಬ್ಬಳೇ."

ಕಡತ ಮಡಿಸಿದೆ. ಇಪ್ಪತ್ತೊಂದು ಸಲ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡೆ. ಕತ್ತಿಯವನು ಬಾಗಿಲಿಗೆ ಅಡ್ಡ ನಿಂತಿದ್ದ. ಅವ್ವ ಅವನನ್ನು ನೋಡಿ, "ಸರಿ ಕಣಪ್ಪ, ದಾರಿ ಬಿಡು, ಬಾಗಿಲು ತೆರೆಯೋದು ನಿಂಗೆ ಬರಲ್ಲ," ಎಂದಳು. ಅವನು ಸರಿದ.

ಈಗ ನಾವು ಬೆಟ್ಟದ ದಾರಿಯಲ್ಲಿ, ಉಪ್ಪಿನವಳು ಬುಟ್ಟಿ ಇಳಿಸುವ ಮರದ ಕೆಳಗೆ ಇದ್ದೇವೆ. ಇಲ್ಲಿ ಹಲಗೆಯಿಲ್ಲ, ಮಣೆಯಿಲ್ಲ. ಬಂದವರು ನೆಲದ ಮೇಲೆ ಕೂರುತ್ತಾರೆ, ಜಾಗ ಇದುವರೆಗೆ ಸಾಲದೆ ಬಂದಿಲ್ಲ. ಅವರವರ ಬಟ್ಟೆ ಅವರು ತರುತ್ತಾರೆ. ಇದ್ದಿಲಿಗೆ ಬೇಲಿಯ ಜಾಲಿ ಇದೆ. ಬೇಕಾದ ಮಡಿಕೆಯನ್ನು ಬಿಚ್ಚಿ ಕೊಡುತ್ತೇನೆ, ಬರೆದುಕೊಳ್ಳುತ್ತಾರೆ, ಹೋಗುತ್ತಾರೆ. ಮೇಲಿನಿಂದಲೂ ಓದಿ, ಕೆಳಗಿನಿಂದಲೂ ಓದಿ ಎಂದು ಹೇಳಿ ಕಳಿಸುತ್ತೇನೆ. ಕಷ್ಟಪಡದೆ ಕಲಿತದ್ದು ನಿಲ್ಲುತ್ತದೆಯೇ ಎಂದು ಕೆಲವರು ಕೇಳುತ್ತಾರೆ, ಹೆಚ್ಚಾಗಿ ಕಷ್ಟಪಡದವರೇ. ನಾನು ಜಾಲಿಯ ಮಡಿಕೆಯನ್ನು ತೋರಿಸುತ್ತೇನೆ.

ನನ್ನದು ಎಂದು ಇರುವುದು ಇಷ್ಟು: ಒಂದು ಚಾಪೆ, ಅದರ ಮೇಲೆ ಕೂತು ಬಂದವರನ್ನೆಲ್ಲ ಗದರಿಸುವ ಅವ್ವ, ಇಪ್ಪತ್ತೊಂದು ಮಡಿಕೆಯ ಕಡತ, ಯಾರೂ ಒರೆಸದ್ದು. ಅದಕ್ಕೆ ಕೊಟ್ಟದ್ದು ಹನ್ನೆರಡು ಜಂತೆ, ಒಂದು ಕಿಟಕಿ, ಒಂದು ಬಾಗಿಲು, ನಾಲ್ಕು ಕಂಬ, ಒಂದು ತೊಲೆ, ಒಂದು ಮಣೆ. ಒಂದೂ ಬೇಕಿರಲಿಲ್ಲ.